ಮೊಬೈಲ್ ಸಲಹೆ: ನಂಬುವ ಮುನ್ನ ನಾಲ್ಕು ಪ್ರಶ್ನೆ

ಕೊಳ್ಳೇಗಾಲದ ಸುತ್ತ ರೇಷ್ಮೆ ಬೆಳೆಯುವ ನಮಗೆ ವಾಟ್ಸ್ಆ್ಯಪ್ ಗುಂಪು ಬಲು ಅನುಕೂಲ. ರಾಮನಗರದ ಗೂಡಿನ ದರ ಮನೆಯಲ್ಲೇ ತಿಳಿಯುತ್ತದೆ. ಹನೂರಿನವರ ಅರಿಶಿನ, ಯಳಂದೂರಿನವರ ಭತ್ತದ ಅನುಭವವೂ ಸಿಗುತ್ತದೆ. ಆದರೆ 2022ರಲ್ಲಿ ಇದೇ ಗುಂಪಿನಿಂದ ಪೆಟ್ಟು ತಿಂದೆ.

ಹಿಪ್ಪುನೇರಳೆಗೆ ನುಸಿ ಬಿದ್ದಿತ್ತು. ಫೋಟೋ ಹಾಕಿದೆ. "ಈ ಔಷಧಿ ಹೊಡೀರಿ, ಮೂರು ದಿನ ಬುಟ್ಟು ಕುಯ್ಕಳಿ, ಏನೂ ಆಗಲ್ಲ" ಅಂತ ಒಬ್ಬರು ಬರೆದರು. ಹಾಗೇ ಮಾಡಿದೆ. ನಾಲ್ಕನೇ ಜ್ವರ ಎದ್ದಿದ್ದ 100 ಮೊಟ್ಟೆಯ ಹುಳು ಎರಡೇ ದಿನದಲ್ಲಿ ವಾಂತಿ ಮಾಡಿ ಸತ್ತವು. ಸಲಹೆ ಕೊಟ್ಟವರು ತರಕಾರಿ ಬೆಳೆಗಾರರು. ಅವರು ಸುಳ್ಳು ಹೇಳಿರಲಿಲ್ಲ, ಬೆಳೆ ಬೇರೆ ಅಷ್ಟೆ. ರೇಷ್ಮೆಹುಳುವೂ ಕೀಟವೇ ಎಂಬುದನ್ನು ನಾನು ಮರೆತಿದ್ದೆ!

ಈಗ ಮೊದಲು ಕೇಳುವುದಿಷ್ಟು:

1. ಹೇಳಿದವರು ಅದೇ ಬೆಳೆಯವರೇ?
2. ಸ್ವಂತ ಮಾಡಿ ನೋಡಿದ್ದಾರೆಯೇ?
3. ಸಿಂಪಡಿಸಿ ಎಷ್ಟು ದಿನ ಬಿಡಬೇಕು?
4. ಮಾರಾಟದ ಲಾಭ ಅವರಿಗಿದೆಯೇ?

ಆಮೇಲೂ ರೇಷ್ಮೆ ಇಲಾಖೆಯವರನ್ನೋ ಕಿಸಾನ್ ಕಾಲ್ ಸೆಂಟರನ್ನೋ (1800-180-1551) ವಿಚಾರಿಸುತ್ತೇನೆ. ಹೊಡೆದ ಸೊಪ್ಪನ್ನು ಹತ್ತು ಹುಳುವಿಗೆ ಬೇರೆ ತಟ್ಟೆಯಲ್ಲಿ ಕೊಟ್ಟು, ಒಂದು ದಿನ ಕಾದು ನೋಡುತ್ತೇನೆ.

ಬಿತ್ತನೆ ಗಡ್ಡೆ, ಸಸಿ ಕೊಡುತ್ತೇವೆಂದು ಅಡ್ವಾನ್ಸ್ ಕೇಳುವ ಅಪರಿಚಿತರಿಗೆ ಹಣ ಕಳಿಸಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.