ಕೊಂದವರು ಯಾರು ಅಂತ ಮೊದಲೇ ಗೊತ್ತಿದ್ದರೆ?

ಶಾರ್ಟ್ ಫಿಲ್ಮ್ ಮಾಡೋಣ ಅಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಮಂದಿ ಕ್ರೈಂ ಕಥೆಗೇ ಕೈ ಹಾಕ್ತಾರೆ. ಮೊದಲ ಶಾಟ್‌ನಲ್ಲಿ ಲಾಂಗು, ಕೊನೆಯ ಶಾಟ್‌ನಲ್ಲಿ ರಕ್ತ. ನಡುವೆ ಏನಿರಬೇಕು ಅನ್ನೋದೇ ಕಷ್ಟ. ಹಾಗಾಗಿ ಈ ಸಲ ಒಂದು ಪ್ರಶ್ನೆ ಇಟ್ಟುಕೊಳ್ಳೋಣ: ಅಪರಾಧ ಜಗತ್ತಿನ ಪುಸ್ತಕವನ್ನು ಪರದೆಗೆ ತರುವ ನಿರ್ದೇಶಕರು ಮೊದಲು ಏನನ್ನು ತೀರ್ಮಾನಿಸುತ್ತಾರೆ?

2007ರ ‘ಆ ದಿನಗಳು’ ನೋಡಿ. ಕೆ.ಎಂ. ಚೈತನ್ಯ ನಿರ್ದೇಶಿಸಿದ ಈ ಚಿತ್ರಕ್ಕೆ ಆಧಾರ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’. ಅದು ಕಾದಂಬರಿ ಅಲ್ಲ, ಆತ್ಮಕಥನ. ಚಿತ್ರಕಥೆಯಲ್ಲಿ ಶ್ರೀಧರ್ ಜೊತೆ ಗಿರೀಶ್ ಕಾರ್ನಾಡರೂ ಇದ್ದರು. ಅವರ ಮುಂದೆ ಎರಡು ತೊಡಕು. ಒಂದು, ಪುಸ್ತಕದ ತುಂಬ ಹತ್ತಾರು ಜನ, ಹತ್ತಾರು ಘಟನೆ. ಎರಡು, ಬೆಂಗಳೂರಿನ ರೌಡಿ ಕೊತ್ವಾಲ ರಾಮಚಂದ್ರ 1986ರಲ್ಲಿ ಕೊಲೆಯಾದದ್ದು ಊರಿಗೆಲ್ಲ ಗೊತ್ತು. ಅಂದಮೇಲೆ ‘ಮುಂದೇನಾಗುತ್ತೆ’ ಅನ್ನೋ ಕುತೂಹಲ ಕೈಗೆ ಸಿಗೋದಿಲ್ಲ.

ಅವರು ಒಂದೇ ಎಳೆ ಹಿಡಿದರು. ಪುಸ್ತಕದಲ್ಲಿ ‘ನಾನು’ ಎನ್ನುವವರು ಶ್ರೀಧರ್. ಸಿನಿಮಾದಲ್ಲಿ ನಾವು ಆ ಲೋಕಕ್ಕೆ ಕಾಲಿಡೋದು ಚೇತನ್ ಎಂಬ ಶ್ರೀಮಂತರ ಮನೆ ಹುಡುಗನ ಹಿಂದೆ. ಅವನಿಗೆ ಬೇಕಿದ್ದದ್ದು ತಾನು ಪ್ರೀತಿಸಿದ ಹುಡುಗಿ, ದಾದಾಗಿರಿ ಅಲ್ಲ. ಆ ಪ್ರೀತಿಯ ಮೇಲೆ ಕೊತ್ವಾಲನ ನೆರಳು ಬಿದ್ದಾಗ ಹುಡುಗ ಹೆಜ್ಜೆ ಹೆಜ್ಜೆಯಾಗಿ ಕೊಲೆಯ ಸಂಚಿನೊಳಗೆ ಬರುತ್ತಾನೆ. ಈಗ ಪ್ರಶ್ನೆಯೇ ಬದಲಾಯಿತು: ‘ಯಾರು ಕೊಂದರು’ ಅಲ್ಲ, ‘ಸಾಧಾರಣ ಹುಡುಗ ಇಲ್ಲಿಗೆ ಹೇಗೆ ಬಂದ?’ ಅವನ ಜಾಗದಲ್ಲಿ ನಮ್ಮ ಹಾಸ್ಟೆಲ್‌ನ ಯಾರನ್ನಾದರೂ ಇಟ್ಟು ನೋಡಿ, ಭಯ ತಾನಾಗೇ ಬರುತ್ತೆ. ಶರತ್ ಲೋಹಿತಾಶ್ವ ಅವರ ಕೊತ್ವಾಲ ಕೂಡ ಕೈಗಿಂತ ಹೆಚ್ಚಾಗಿ ಮಾತು, ನೋಟದಲ್ಲೇ ಹೆದರಿಸುತ್ತಾನೆ.

ಶ್ರೀಧರ್ ಅವರದೇ ‘ಎಡೆಗಾರಿಕೆ’ ಕಾದಂಬರಿಯನ್ನು ಸುಮನಾ ಕಿತ್ತೂರು 2012ರಲ್ಲಿ ಸಿನಿಮಾ ಮಾಡಿದರು. ಇಲ್ಲಿ ತೊಡಕು ಬೇರೆ. ಸಾವು ಖಚಿತ ಅಂತ ತಿಳಿದ ಸೋನಾ ಎಂಬ ಮುಂಬೈ ಹಂತಕ ಅಳುಕದೆ ಕೂತಿದ್ದಾನೆ. ಅದನ್ನು ನೋಡುವವನ ಮನಸ್ಸು ಕಲಕುತ್ತದೆ. ಕಾದಂಬರಿಕಾರ ಆ ಕಲಕನ್ನು ಒಂದು ಪುಟ ಬರೆಯಬಹುದು. ಕ್ಯಾಮೆರಾ ಮನಸ್ಸಿನೊಳಗೆ ಹೋಗೋದಿಲ್ಲ, ಅದಕ್ಕೆ ಸಿಗೋದು ಮುಖ ಮಾತ್ರ. ಆದ್ದರಿಂದ ಇಂಥ ಕಥೆಯಲ್ಲಿ ಆದಿತ್ಯ, ಅತುಲ್ ಕುಲಕರ್ಣಿ ಅವರಂಥ ನಟರ ಮೌನವೇ ಅರ್ಧ ಚಿತ್ರಕಥೆ.

ಇನ್ನೂ ಧೈರ್ಯದ ದಾರಿ ಜಪಾನಿನ ಅಕಿರಾ ಕುರೊಸಾವಾ ಅವರದು. ಅಮೆರಿಕದ ಎಡ್ ಮೆಕ್‌ಬೇನ್ 1959ರಲ್ಲಿ ಬರೆದ ‘ಕಿಂಗ್ಸ್ ರ‍್ಯಾನ್ಸಮ್’ನಲ್ಲಿ ಅಪಹರಣಕಾರರು ಸಾಹುಕಾರನ ಮಗ ಅಂದುಕೊಂಡು ಅವನ ಡ್ರೈವರ್ ಮಗನನ್ನು ಹೊತ್ತೊಯ್ಯುತ್ತಾರೆ. ಬೇರೆಯವರ ಮಗುವಿಗಾಗಿ ತನ್ನ ಆಸ್ತಿ ಕಳೆದುಕೊಳ್ಳಬೇಕಾ? ಕಾದಂಬರಿಯ ಸಾಹುಕಾರ ಹಣ ಕೊಡಲು ಒಪ್ಪೋದಿಲ್ಲ. 1963ರ ‘ಹೈ ಅಂಡ್ ಲೋ’ನಲ್ಲಿ ಕುರೊಸಾವಾ ಉತ್ತರವನ್ನೇ ತಿರುಗಿಸಿದರು: ಅವರ ಸಾಹುಕಾರ ಹಣ ಕೊಟ್ಟು ದಿವಾಳಿ ಆಗುತ್ತಾನೆ. ಘಟನೆ ಪುಸ್ತಕದ್ದು, ಪ್ರಶ್ನೆಯೂ ಪುಸ್ತಕದ್ದು, ಉತ್ತರ ಮಾತ್ರ ನಿರ್ದೇಶಕನದು.

ಮೂವರೂ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ತುಂಬಲು ಹೋಗಲಿಲ್ಲ. ಯಾರ ಕಣ್ಣಿಂದ ನೋಡಬೇಕು, ಯಾವ ಪ್ರಶ್ನೆ ಕೊನೆತನಕ ಉಳಿಯಬೇಕು, ಇದನ್ನು ಮೊದಲು ನಿರ್ಧರಿಸಿಕೊಂಡರು. ಲಾಂಗು ಎಷ್ಟು ಹೊತ್ತು ಕಾಣಬೇಕು ಅನ್ನೋದು ಆಮೇಲಿನ ಮಾತು.

ಈಗ ಒಂದು ಅಭ್ಯಾಸ. ಬೆಂಗಳೂರಿನ ಭೂಗತಲೋಕ ಬೇಕಿಲ್ಲ. ಕೊಳಗಲ್ಲಿನ ಒಂದು ಮೆಣಸಿನಕಾಯಿ ಹೊಲ, ಅದರ ಬದುವಿನ ಮೇಲೆ ಇಬ್ಬರು ಅಣ್ಣತಮ್ಮಂದಿರ ಜಗಳ, ಕೊನೆಗೊಂದು ಕೊಲೆ ಅಂತ ಕಲ್ಪಿಸಿಕೊಳ್ಳಿ. ಕೊಂದವನು ಯಾರು ಅಂತ ಮೊದಲ ಸಾಲಲ್ಲೇ ಹೇಳಿಬಿಡಿ. ಆಮೇಲೆ ಅದೇ ಕಥೆಯನ್ನು ಅವರಿಬ್ಬರಿಗೂ ಬುತ್ತಿ ಒಯ್ಯುವ ತಾಯಿಯ ಕಣ್ಣಿಂದ ಎರಡು ಪುಟ ಬರೀರಿ. ಕೊಲೆಯ ದೃಶ್ಯ ಮಾತ್ರ ಬರೀಬೇಡ್ರಿ.