ನೆತ್ತಿಯ ಸ್ಕ್ಯಾನಿಗೆ ಅಂಜಬೇಡಿ

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ತಲೆ ಸ್ಕ್ಯಾನ್ ಮಾಡಬೇಕು ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ‘ನೆತ್ತಿ ಇನ್ನೂ ಬಡೀತೈತ್ರಿ, ಅಲ್ಲಿ ಮಷೀನ್ ಇಟ್ಟರ ಹೆಂಗ್ರಿ?’ ಎಂದು ಅಜ್ಜಿ ಕೇಳುವುದು ಸಹಜ. ಔಡಲೆಣ್ಣೆ ಹಚ್ಚುವ ಕೈಯೂ ಅಲ್ಲಿ ಹಗುರಾಗುತ್ತದಲ್ಲ!

32 ವಾರಕ್ಕೂ ಮೊದಲು ಹುಟ್ಟಿದ ಶಿಶುವಿನ ಮೆದುಳಿನೊಳಗಿನ ಕೆಲವು ರಕ್ತನಾಳಗಳು ಬಹಳ ತೆಳು. ರಕ್ತದೊತ್ತಡ ಏರಿಳಿದಾಗ ತನಗೆ ಬರುವ ರಕ್ತವನ್ನು ಹದದಲ್ಲಿಡುವ ಶಕ್ತಿ ಆ ಮೆದುಳಿಗೆ ಇನ್ನೂ ಬಂದಿರುವುದಿಲ್ಲ. ನಾಳ ಒಡೆದು ರಕ್ತ ಒಸರಿದರೆ ಅದು ಹೆಚ್ಚಾಗಿ ಮೊದಲ 3 ದಿನಗಳಲ್ಲೇ. ಎಷ್ಟೋ ಸಲ ಹೊರಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ವಾರ ಒಮ್ಮೆ, ತಿಂಗಳ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರೆ. ಹುಟ್ಟಿದ ಕೂಡಲೇ ಅಳದ ಮಗುವಿಗೂ ಈ ಪರೀಕ್ಷೆ ಬೇಕಾಗಬಹುದು.

ಈ ಸ್ಕ್ಯಾನ್ ಮಾಡುವುದು ಅಲ್ಟ್ರಾಸೌಂಡಿನಿಂದ. ಅಲ್ಟ್ರಾಸೌಂಡ್ ಎಂದರೆ ಕಿವಿಗೆ ಕೇಳದ ಶಬ್ದದ ಅಲೆ. ಗಟ್ಟಿ ಎಲುಬನ್ನು ಅದು ಸುಲಭವಾಗಿ ದಾಟದು. ಕೂಡಿಕೊಳ್ಳದ ನೆತ್ತಿಯೇ ಅದಕ್ಕೆ ಕಿಟಕಿ. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ, ನಿದ್ದೆಯ ಔಷಧವೂ ಬೇಡ. ಸ್ವಲ್ಪ ಜೆಲ್ ಹಚ್ಚಿ ಉಪಕರಣವನ್ನು ನೆತ್ತಿಯ ಮೇಲೆ ಹಗುರವಾಗಿ ಇಡುತ್ತಾರೆ, ಅಷ್ಟೇ. ಡಾಪ್ಲರ್ ಹಚ್ಚಿದರೆ, ಹರಿಯುವ ರಕ್ತಕಣಗಳಿಗೆ ತಗಲಿ ಮರಳುವ ಶಬ್ದದಿಂದ ರಕ್ತದ ದಿಕ್ಕು, ವೇಗ ತಿಳಿಯುತ್ತದೆ. ಪರದೆಯ ಮೇಲೆ ನೀಲಿ ಕಂಡರೆ ಕೆಟ್ಟ ರಕ್ತವೆಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಉಪಕರಣದತ್ತ ಬರುವ ಹರಿವು ಕೆಂಪು, ಆಚೆ ಹೋಗುವುದು ನೀಲಿ.

‘ದೊಡ್ಡ ಸ್ಕ್ಯಾನೇ ಮಾಡಿಸಿಬಿಡ್ರಿ’ ಎಂದು ಸಿ.ಟಿ.ಗೆ ಪಟ್ಟು ಹಿಡಿಯುವವರ ಕಾಳಜಿ ದೊಡ್ಡದೇ. ಆದರೆ ಅದರಲ್ಲಿ ಎಕ್ಸ್‌ರೇ ವಿಕಿರಣವಿದೆ. ವೈದ್ಯರು ಬೇಕೆಂದಾಗ ಮಾತ್ರ ಸಾಕು. ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಆಮೇಲೆ ಕಪಾಲದ ಪಕ್ಕದಿಂದ ಡಾಪ್ಲರ್ ಮಾಡಬಹುದು. ಬಣ್ಣದ ಔಷಧ ಚುಚ್ಚದೆಯೇ ರಕ್ತದ ಹರಿವು ಅಳೆಯುವ ಎಂ.ಆರ್.ಐ. ವಿಧಾನವೂ ಇದೆ.

ನನಗೆ ಹೆಚ್ಚು ಚಿಂತೆಯಿರುವುದು ಎರಡನೆಯ ಭೇಟಿಯದು. ಕುಷ್ಟಗಿ, ಯಲಬುರ್ಗಾದ ಹಳ್ಳಿಯಿಂದ ಕೊಪ್ಪಳಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಬಾಣಂತಿಯನ್ನು ಬಸ್ಸು ಹತ್ತಿಸಲು ಹಿರಿಯರಿಗೆ ಮನಸ್ಸಿಲ್ಲ. ಮೇಲಾಗಿ ಮೊದಲ ರಿಪೋರ್ಟು ‘ನಾರ್ಮಲ್’. ಆದರೂ ಕೆಲವು ಬದಲಾವಣೆಗಳು ವಾರಗಳ ಮೇಲೆಯೇ ಕಾಣುವುದು. ಮಗು 4 ತಿಂಗಳಾದರೂ ಕತ್ತು ನಿಲ್ಲಿಸದಿದ್ದರೆ, 9 ತಿಂಗಳಾದರೂ ಆಸರೆಯಿಲ್ಲದೆ ಕೂಡದಿದ್ದರೆ, ಬೇಗ ಹುಟ್ಟಿದ ವಾರಗಳನ್ನು ಕಳೆದು ಲೆಕ್ಕ ಹಾಕಿ ವೈದ್ಯರಿಗೆ ತಿಳಿಸಿ. ಗಂಗಾವತಿಯಲ್ಲೋ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ, ಎಲ್ಲಿಗೆ ಹೋದರೂ ತಾಯಿ ಕಾರ್ಡಿನೊಂದಿಗೆ ಹಳೆಯ ಸ್ಕ್ಯಾನಿನ ಕಾಗದವನ್ನೂ ಒಯ್ಯಿರಿ.