ಅಪ್ಪನ ಗುಳಿಗೆ ಚೀಲ

ಕೀಮೋ ಮುಗಿಸಿಕೊಂಡು ಹೊಳೆಆಲೂರಿಗೆ ಬಂದ ಆರನೇ ದಿನ. ಬೆಳಗಿನ ಜಾವ ಅಪ್ಪ ಹಾಸಿಗೆಯಲ್ಲಿ ಬೆವೆತು ತೊಯ್ದುಹೋಗಿದ್ದರು, ಮಾತು ತೊದಲುತ್ತಿತ್ತು. ಕ್ಯಾನ್ಸರ್ ಮಿದುಳಿಗೇರಿತೆಂದು ಅವ್ವ ಅಳತೊಡಗಿದಳು. ಓಡಿಬಂದ ಆಶಾ ಕಾರ್ಯಕರ್ತೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು: 46, ತೀರ ಕಡಿಮೆ. ನುಂಗಬಲ್ಲರೆಂದು ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಕುಡಿಸಿದೆವು. “ಯಾಕ ಎಲ್ಲಾರೂ ಕೂಡೀರಿ?” ಎಂದರು ಅಪ್ಪ. ಅಪ್ಪ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಗುಳಿಗೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದೆಂದು ಗದಗಿನ ವೈದ್ಯರು ಒಂದು ರಾತ್ರಿ ಇರಿಸಿಕೊಂಡರು.

ನಮ್ಮ ಕಡೆ ಕ್ಯಾನ್ಸರ್ ಬಂದರೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುತ್ತೇವೆ. ಸಕ್ಕರೆ, ಬಿಪಿ ಮಾತ್ರ ಊರ ಡಾಕ್ಟರ ಕೈಯಲ್ಲೇ ಉಳಿಯುತ್ತವೆ. ಅಪ್ಪನಿಗೆ ಆದದ್ದೂ ಇದೇ ಸಂದಿಯಲ್ಲಿ. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಿದ್ದರು. ಅದು ಸಕ್ಕರೆ ಏರಿಸುತ್ತದೆ. ಏರಿದ್ದನ್ನು ಕಂಡ ಊರ ಡಾಕ್ಟರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಹೆಚ್ಚಿಸಿದರು. ಸ್ಟೆರಾಯ್ಡ್ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಮೂರು ದಿನಕ್ಕೆ ಸ್ಟೆರಾಯ್ಡ್ ನಿಂತಿತು, ಅಪ್ಪನಿಗೆ ಅರ್ಧ ರೊಟ್ಟಿಯೂ ಸೇರದಾಯಿತು. ಹೆಚ್ಚಿಸಿದ ಗುಳಿಗೆ ಮಾತ್ರ ಹಾಗೇ ನಡೆದಿತ್ತು.

ಗದಗಿನಿಂದ ಊರಿಗೆ ಮರಳಿದ ಮೇಲೆ ಔಷಧ ಅಂಗಡಿಯವರ ಮುಂದೆ ಅಪ್ಪನ ಗುಳಿಗೆ ಚೀಲ ಸುರಿದೆ. ಹದಿನಾಲ್ಕು ಬಗೆಯ ಸ್ಟ್ರಿಪ್. ಅವರು ಕಂಪನಿಯ ಹೆಸರು ಬಿಟ್ಟು ಮೂಲ ಔಷಧದ ಹೆಸರಷ್ಟನ್ನೇ ಓದುತ್ತ ಬೇರೆಬೇರೆ ಇಟ್ಟರು. ಒಂದು ಕೆಂಪು, ಒಂದು ನೀಲಿ ಸ್ಟ್ರಿಪ್ಪಿನಲ್ಲಿ ಇದ್ದದ್ದು ಅದೇ ಗ್ಲಿಮೆಪಿರೈಡ್! ಅಪ್ಪ ಎರಡನ್ನೂ ನುಂಗುತ್ತಿದ್ದರು. ತಳದಲ್ಲಿ ಮೊಣಕಾಲು ನೋವಿನ ಹಳೆಯ ಡೈಕ್ಲೋಫೆನಾಕ್. ಬಿಪಿಯ ಟೆಲ್ಮಿಸಾರ್ಟನ್ ತೆಗೆದುಕೊಳ್ಳುವ ವಯಸ್ಸಾದವರು ವಾಂತಿಯಿಂದ ನೀರು ಕಳಕೊಂಡಾಗ ಇದನ್ನೂ ನುಂಗಿದರೆ ಕಿಡ್ನಿಗೆ ಪೆಟ್ಟು. ಕಿಡ್ನಿ ಸೋತರೆ ಬೇರೆ ಕೆಲವು ಔಷಧಗಳೂ ಮೈಯಲ್ಲೇ ಉಳಿಯುತ್ತವೆ.

ನನ್ನ ಅಪ್ಪನನ್ನು ನೋಡಿದವರೆಲ್ಲ ಒಳ್ಳೆಯ ವೈದ್ಯರೇ. ಅವರ ನಡುವೆ ಸುದ್ದಿ ಒಯ್ಯಬೇಕಾದವನು ನಾನಾಗಿದ್ದೆ, ಅದು ನನಗೆ ಹೊಳೆದಿರಲಿಲ್ಲ.

ಮುಂದಿನ ಕೀಮೋಗೆ ಬೆಳಗಿನ ರೈಲಿನಲ್ಲಿ ಹೊರಟಾಗ ಒಂದೇ ಹಾಳೆಯಲ್ಲಿ ಎಲ್ಲ ಗುಳಿಗೆಗಳನ್ನೂ ಬರೆದೊಯ್ದೆ. ಕ್ಯಾನ್ಸರ್ ವೈದ್ಯರು ಎರಡು ಹೊಡೆದುಹಾಕಿದರು, ಸ್ಟೆರಾಯ್ಡ್ ಇರುವ ದಿನಗಳನ್ನು ಬರೆದರು, ಊರ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಉಣ್ಣದ ದಿನ ಸಕ್ಕರೆ ಗುಳಿಗೆಯ ಬಗ್ಗೆ ಏನು ಮಾಡಬೇಕೆಂದು ಇಬ್ಬರೂ ಸೇರಿ ನಿರ್ಧರಿಸಿದರು. ಆ ಹಾಳೆ ಈಗ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲಿದೆ. ಅವ್ವನಿಗೆ ಓದಲು ಬಾರದು. ಅವಳಿಗಾಗಿ ಸೂರ್ಯ, ಚಂದ್ರನ ಚಿತ್ರ ಬರೆದಿದ್ದೇನೆ.

ಯಾವ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ರಿಪೋರ್ಟಿನ ಫೈಲ್ ಜೊತೆ ಮನೆಯಲ್ಲಿರುವ ಔಷಧಗಳನ್ನೆಲ್ಲ, ನಾಟಿ ಪುಡಿಯ ಪೊಟ್ಟಣದ ಸಮೇತ, ಚೀಲದಲ್ಲಿ ಹಾಕಿಕೊಂಡು ಹೋಗಿ.